ಬಾನಿನ ಬಿಳಿಗೆರೆ: ಹೊಗೆಯೋ, ಮುಗಿಲೋ, ಮದ್ದೋ?

ಮಳೆಗಾಲ ಹಿಂದೆ ಸರಿದು, ತುಲಾ ಮಾಸದ ಗುಡುಗು ಸಿಡಿಲುಗಳ ಆರ್ಭಟವೂ ಅಡಗಿದ ಮೇಲೆ ನಮ್ಮ ಜಿಲ್ಲೆಯ ಆಕಾಶ ತೊಳೆದಿಟ್ಟಂತೆ ಶುಭ್ರವಾಗುತ್ತದೆ. ಅಂಗಳದ ತುಂಬ ಹಣ್ಣಡಿಕೆ ಹರವಿ, ಎಲ್ಲಿ ಮೋಡ ಬಂತೋ ಎಂದು ಗಳಿಗೆಗೊಮ್ಮೆ ತಲೆಯೆತ್ತಿ ನೋಡುವ ಕಾಲವದು. ಹಾಗೆ ನೋಡುವಾಗ ಕೆಲವು ದಿನ ನೀಲಿ ಬಾನಿನಲ್ಲಿ ಸೀಮೆಸುಣ್ಣದಿಂದ ಎಳೆದಂತಹ ಬಿಳಿಯ ಗೆರೆಯೊಂದು ಕಾಣಿಸುತ್ತದೆ. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ವಿಮಾನ ಮಿನುಗುತ್ತ ಸಾಗುತ್ತದೆ. ಸದ್ದು ಎಷ್ಟೋ ಹೊತ್ತಿನ ಮೇಲೆ, ಅದೂ ಬೇರೆ ದಿಕ್ಕಿನಿಂದ ಬಂದಂತೆ ಕೇಳಿಸುತ್ತದೆ. ಕೆಲವು ಗೆರೆಗಳು ನೋಡನೋಡುತ್ತಿದ್ದಂತೆ ಮಾಯವಾಗುತ್ತವೆ. ಇನ್ನು ಕೆಲವು ಗಂಟೆಗಟ್ಟಲೆ ಉಳಿದು, ಅಗಲವಾಗಿ, ಹಿಂಜಿದ ಹತ್ತಿಯಂತೆ ಬಾನಿನ ಕಾಲುಭಾಗವನ್ನೇ ಮುಚ್ಚಿಬಿಡುತ್ತವೆ.

ಇದೇನೆಂದು ಕೇಳಿದರೆ ಮನೆಮನೆಯಲ್ಲೂ ಬೇರೆ ಬೇರೆ ಉತ್ತರ ಸಿಗುತ್ತದೆ. ಮಕ್ಕಳಿಗೆ ಅದು ‘ರಾಕೆಟ್ಟು’. ಹಿರಿಯರಿಗೆ ‘ಜೆಟ್ಟಿನ ಹೊಗೆ’. ಈಚಿನ ವರ್ಷಗಳಲ್ಲಿ ಮೂರನೆಯ ಉತ್ತರವೊಂದು ಮೊಬೈಲ್ ಫೋನುಗಳ ಮೂಲಕ ಬಂದು ಸೇರಿಕೊಂಡಿದೆ: ವಿಮಾನದಿಂದ ನಮ್ಮ ಮೇಲೆ ಗುಟ್ಟಾಗಿ ಮದ್ದು ಬಿಡುತ್ತಿದ್ದಾರೆ, ಮಳೆ ತಪ್ಪುವುದಕ್ಕೂ ಹೊಸ ಹೊಸ ಜ್ವರ ಬರುವುದಕ್ಕೂ ಇದೇ ಕಾರಣ ಎಂಬುದು. ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿ ಬೆಳೆದ ಈ ಮಾತು ಹಲವು ಭಾಷೆಗಳನ್ನು ದಾಟಿ ನಮ್ಮ ಊರುಗಳಿಗೂ ತಲಪಿದೆ. ಆದುದರಿಂದ ಈ ಗೆರೆಯ ನಿಜಸ್ಥಿತಿಯನ್ನು ತಿಳಿದುಕೊಳ್ಳುವುದು ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ.

ನಮ್ಮ ಅಂಜಿಕೆಗೆ ಕಾರಣವಿದೆ

‘ವಿಮಾನದಿಂದ ಮದ್ದು’ ಎಂಬ ಮಾತು ಕೇಳಿ ಬೇರೆ ಊರಿನವರು ನಕ್ಕಾರು. ಕಾಸರಗೋಡಿನವರಿಗೆ ಆ ನಗು ಅಷ್ಟು ಸುಲಭವಾಗಿ ಬಾರದು. ನಮ್ಮ ನೆತ್ತಿಯ ಮೇಲಿಂದ ವಿಷ ಸುರಿದದ್ದು ನಡೆದುಹೋದ ಸಂಗತಿ.

1970ರ ದಶಕದ ಉತ್ತರಾರ್ಧದಿಂದ 2000ದ ತನಕ ಈ ಜಿಲ್ಲೆಯ ಸರಕಾರಿ ಒಡೆತನದ ಗೇರು ತೋಟಗಳಲ್ಲಿ ಟೀ ಸೊಳ್ಳೆಯ ಕಾಟವನ್ನು ತಡೆಯಲೆಂದು ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರು ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ; ಜನ ವಾಸಿಸುವುದು ಅದರ ಬುಡದ ಕಣಿವೆಯಲ್ಲಿ. ಬಾವಿ, ತೋಡು, ಸುರಂಗ, ತೋಟ, ಹಟ್ಟಿ ಎಲ್ಲವೂ ಅಲ್ಲೇ. ಮೇಲೆ ಬಿಟ್ಟ ಮದ್ದು ಗಾಳಿಯೊಡನೆ, ಮಳೆನೀರಿನೊಡನೆ ಕೆಳಗಿಳಿಯಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು, ಪುಲ್ಲೂರು-ಪೆರಿಯ ಮೊದಲಾದ ಪಂಚಾಯತುಗಳಲ್ಲಿ ಅದರ ಫಲವನ್ನು ಉಂಡ ಮನೆಗಳನ್ನು ನಾವು ಇಂದಿಗೂ ಕಾಣುತ್ತೇವೆ.

ಈ ಸಂಗತಿ ಹೊರಗೆ ಬಂದದ್ದು ಹೇಗೆ ಎಂಬುದನ್ನು ನೆನಪಿಡಬೇಕು. ಪಡ್ರೆ ಗ್ರಾಮದ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಸಣ್ಣ ಪ್ರದೇಶದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳೇಕೆ ಎಂದು ಲೆಕ್ಕವಿಟ್ಟು ಕೇಳಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಕಂಡದ್ದನ್ನು ಬರೆದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಪೆರಿಯದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯಿಂದ ಒಯ್ದ ನೀರು, ಮಣ್ಣು, ರಕ್ತ ಮುಂತಾದ ಮಾದರಿಗಳನ್ನು ಪರೀಕ್ಷಿಸಿ ವಿಷದ ಅಂಶವನ್ನು ತೋರಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಕೀಟನಾಶಕವನ್ನು ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ರಾಜ್ಯ ಸರಕಾರಕ್ಕೆ ಆದೇಶವಿತ್ತದ್ದು 2017ರ ಜನವರಿಯಲ್ಲಿ.

ಇಷ್ಟನ್ನು ಅನುಭವಿಸಿದ ಜನ ಆಕಾಶದ ಗೆರೆಯನ್ನು ಕಂಡು ಅಂಜಿದರೆ ಅವರನ್ನು ಮೂಢರೆನ್ನಲಾಗದು. ಆದರೆ ಅಂದು ಕೇಳಿದಂತಹ ಪ್ರಶ್ನೆಗಳನ್ನೇ ಇಂದೂ ಕೇಳಬೇಕು: ಬಿಟ್ಟದ್ದು ಏನು, ಎಷ್ಟು ಎತ್ತರದಿಂದ, ಅದು ಬೀಳುವುದು ಎಲ್ಲಿ? ಈ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸೋಣ.

ಗೆರೆ ಮೂಡುವ ಬಗೆ

ಬಚ್ಚಲಿನ ಹಂಡೆಯ ನೀರು ಕುದಿಯುವಾಗ ಬಿಳಿಯ ಆವಿ ಏಳುವುದನ್ನು ಎಲ್ಲರೂ ಕಂಡಿದ್ದೇವೆ. ಸರಿಯಾಗಿ ಹೇಳುವುದಾದರೆ ಆವಿ ಕಣ್ಣಿಗೆ ಕಾಣದ ವಸ್ತು. ಅದು ಹೊರಗಿನ ತಂಪು ಗಾಳಿಗೆ ತಾಗಿ ಅತಿಸಣ್ಣ ನೀರಹನಿಗಳಾದಾಗ ಮಾತ್ರ ಬಿಳುಪಾಗಿ ತೋರುತ್ತದೆ. ಧನುರ್ಮಾಸದ ಮುಂಜಾನೆ ಮಡಿಕೇರಿಗೆ ಹೋದವರ ಬಾಯಿಂದ ಮಾತಿನೊಡನೆ ‘ಹೊಗೆ’ ಹೊರಡುವುದೂ ಇದೇ ಕಾರಣದಿಂದ. ಬೀಡಿ ಸೇದದವರ ಬಾಯಿಂದಲೂ ಅದು ಬರುತ್ತದೆ.

ವಿಮಾನದ ಬಿಳಿಗೆರೆಯೂ ಇದೇ ಜಾತಿಯದು. ಜೆಟ್ ಎಂಜಿನು ಉರಿಸುವುದು ಸೀಮೆಎಣ್ಣೆಯ ವರ್ಗಕ್ಕೆ ಸೇರಿದ ಇಂಧನವನ್ನು. ಅದರಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ನೀರು ಉಂಟಾಗುತ್ತದೆ. ಒಂದು ಕಿಲೋ ಇಂಧನ ಉರಿದರೆ ಸುಮಾರು ಒಂದೂಕಾಲು ಕಿಲೋ ನೀರಾವಿ ಹೊರಬೀಳುತ್ತದೆ. ಇಂಧನಕ್ಕಿಂತ ನೀರು ಹೆಚ್ಚಾದದ್ದು ಹೇಗೆಂದು ಅಚ್ಚರಿಪಡಬೇಕಾಗಿಲ್ಲ. ಹೆಚ್ಚಿನ ತೂಕವೆಲ್ಲ ಗಾಳಿಯಿಂದ ಸೇರಿದ ಆಮ್ಲಜನಕದ್ದು. ನೀರಾವಿಯ ಜೊತೆಗೆ ಸುಮಾರು ಮೂರು ಕಿಲೋ ಇಂಗಾಲದ ಡೈ ಆಕ್ಸೈಡ್, ಅಲ್ಪಸ್ವಲ್ಪ ಬೇರೆ ಅನಿಲಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳೂ ಹೊರಡುತ್ತವೆ.

ದೊಡ್ಡ ವಿಮಾನಗಳು ಹಾರುವುದು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ. ಕೆಳಗೆ ನಾವು ಬೆವರೊರೆಸಿಕೊಳ್ಳುತ್ತಿದ್ದರೂ ಅಲ್ಲಿ ನೀರು ಹೆಪ್ಪುಗಟ್ಟುವುದಕ್ಕಿಂತಲೂ ಎಷ್ಟೋ ಕೆಳಗಿನ ಉಷ್ಣತೆ. ಎಂಜಿನಿನಿಂದ ಹೊರಟ ಬಿಸಿ ಆವಿ ಆ ಚಳಿಗೆ ತಾಗಿದೊಡನೆ ಮಸಿಯ ಕಣಗಳ ಮೇಲೆ ಹನಿಗಟ್ಟಿ, ಮರುಕ್ಷಣದಲ್ಲಿ ಮಂಜುಗಡ್ಡೆಯ ಹರಳಾಗುತ್ತದೆ. ಇಂತಹ ಕೋಟಿ ಕೋಟಿ ಹರಳುಗಳ ಸಾಲೇ ನಮಗೆ ಕಾಣುವ ಗೆರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾನ್‌ಟ್ರೇಲ್’ ಎಂಬ ಹೆಸರಿದೆ. ಈ ಲೇಖನದಲ್ಲಿ ನಾವು ‘ಮುಗಿಲಗೆರೆ’ ಎಂದು ಕರೆಯೋಣ. ಹಾಗೆ ಕರೆಯುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. 2017ರಲ್ಲಿ ಪರಿಷ್ಕೃತವಾದ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಕೋಶವು ಬಹುಕಾಲ ಉಳಿಯುವ ಮುಗಿಲಗೆರೆಯನ್ನು ಮನುಷ್ಯನಿಂದ ಹುಟ್ಟಿದ ಮೋಡವೆಂದು ಒಪ್ಪಿ ಅದಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ.

ಸೂಕ್ಷ್ಮವಾಗಿ ನೋಡಿದರೆ ವಿಮಾನದ ಬಾಲಕ್ಕೂ ಗೆರೆಯ ಆರಂಭಕ್ಕೂ ನಡುವೆ ತುಸು ತೆರಪು ಕಾಣುತ್ತದೆ. ಕುದಿಯುವ ಕೆಟಲಿನ ಮೂತಿಯ ಬಳಿಯೂ ಇಂತಹದೇ ತೆರಪಿರುತ್ತದೆ. ಬಿಸಿ ಆವಿ ತಣ್ಣಗಾಗಲು ಅಷ್ಟು ಸಮಯ ಬೇಕು. ಎರಡು ಎಂಜಿನಿನ ವಿಮಾನಕ್ಕೆ ಮೊದಲು ಎರಡು ಗೆರೆ, ನಾಲ್ಕು ಎಂಜಿನಿನದಕ್ಕೆ ನಾಲ್ಕು. ಮುಂದೆ ಅವು ಕೂಡಿಕೊಳ್ಳುತ್ತವೆ.

ಇದು ಹೊಸ ವಿದ್ಯಮಾನವೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲೇ ಎತ್ತರಕ್ಕೇರಿದ ವಿಮಾನಗಳ ಹಿಂದೆ ಮೋಡದ ಪಟ್ಟಿ ಮೂಡುವುದನ್ನು ಯುರೋಪಿನಲ್ಲಿ ಗಮನಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅದು ಸಾವು ಬದುಕಿನ ಪ್ರಶ್ನೆಯಾಯಿತು. ಬಾಂಬರುಗಳ ಹಿಂದಿನ ಗೆರೆ ಶತ್ರುವಿಗೆ ಅವುಗಳ ದಾರಿಯನ್ನು ತೋರಿಸಿಕೊಡುತ್ತಿತ್ತು. ಹಾಗಾಗಿ ಯಾವ ಎತ್ತರದಲ್ಲಿ ಗೆರೆ ಮೂಡುವುದು, ಯಾವ ಎತ್ತರದಲ್ಲಿ ಮೂಡದು ಎಂಬ ಲೆಕ್ಕ ಬೇಕಾಯಿತು. ಜರ್ಮನಿಯ ಎರ್ನ್ಸ್ಟ್ ಶ್ಮಿಟ್ 1941ರಲ್ಲಿ, ಅಮೆರಿಕದ ಹರ್ಬರ್ಟ್ ಆಪಲ್‌ಮನ್ 1953ರಲ್ಲಿ ಆ ಲೆಕ್ಕವನ್ನು ಹಾಕಿಕೊಟ್ಟರು. ಇಂದಿಗೂ ವಿಜ್ಞಾನಿಗಳು ಬಳಸುವ ಸೂತ್ರ ಅವರಿಬ್ಬರ ಹೆಸರಿನಲ್ಲೇ ಇದೆ.

ಒಂದಕ್ಕೆ ಉಂಟು, ಇನ್ನೊಂದಕ್ಕಿಲ್ಲ

‘ಎಲ್ಲ ವಿಮಾನವೂ ಇಂಧನ ಉರಿಸುವುದಾದರೆ ಒಂದರ ಹಿಂದೆ ಮಾತ್ರ ಗೆರೆ ಇದ್ದು, ಇನ್ನೊಂದರ ಹಿಂದೆ ಏಕಿಲ್ಲ?’ ಎಂಬುದು ಸಂಶಯಪಡುವವರ ಮುಖ್ಯ ವಾದ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವಿರುವುದು ಎತ್ತರದಲ್ಲಿ ಮತ್ತು ಮೇಲಿನ ಗಾಳಿಯ ತೇವಾಂಶದಲ್ಲಿ.

ಗೆರೆ ಮೂಡಬೇಕಾದರೆ ಗಾಳಿಯ ಉಷ್ಣತೆ ಸಾಮಾನ್ಯವಾಗಿ ಮೈನಸ್ 40 ಡಿಗ್ರಿಯ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿದಿರಬೇಕು. ನಮ್ಮಂತಹ ಉಷ್ಣವಲಯದಲ್ಲಿ 10 ಕಿಲೋಮೀಟರ್ ಎತ್ತರದಲ್ಲಿ ಚಳಿ ಸುಮಾರು ಮೈನಸ್ 35 ಡಿಗ್ರಿ. 12 ಕಿಲೋಮೀಟರಿಗೆ ಏರಿದರೆ ಮೈನಸ್ 50ರ ಹತ್ತಿರ. ಆದ್ದರಿಂದ ಒಂದೇ ಗಳಿಗೆಯಲ್ಲಿ, ಒಂದೇ ದಿಕ್ಕಿಗೆ ಹೋಗುವ ಎರಡು ವಿಮಾನಗಳಲ್ಲಿ ಕೆಳಗಿನದು ಗೆರೆಯಿಲ್ಲದೆ, ಮೇಲಿನದು ಉದ್ದನೆಯ ಗೆರೆಯೊಡನೆ ಸಾಗಬಹುದು. ನೆಲದಿಂದ ನೋಡುವ ಕಣ್ಣಿಗೆ ಎರಡೂ ಒಂದೇ ಮಟ್ಟದಲ್ಲಿ ಇರುವಂತೆ ತೋರುತ್ತದೆ. ಎರಡು ಕಿಲೋಮೀಟರಿನ ಅಂತರ ಅಷ್ಟು ದೂರದಿಂದ ತಿಳಿಯುವುದೇ ಇಲ್ಲ.

1951ರಲ್ಲಿ ಆರಂಭವಾದ ಮಂಗಳೂರಿನ ಬಜಪೆ ನಿಲ್ದಾಣಕ್ಕೂ, 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರಿನ ನಿಲ್ದಾಣಕ್ಕೂ ಇಳಿಯಲು ಬರುವ ವಿಮಾನಗಳು ನಮ್ಮ ಜಿಲ್ಲೆಯ ಮೇಲೆ ತಗ್ಗಿ ಹಾರುವುದುಂಟು. ಕೊಲ್ಲಿ ನಾಡಿನಿಂದ ನಮ್ಮ ಮಕ್ಕಳು, ತಮ್ಮಂದಿರು ಬಂದಿಳಿಯುವುದೂ ಈ ವಿಮಾನಗಳಲ್ಲೇ. ಅವು ದೊಡ್ಡದಾಗಿ ಕಾಣುತ್ತವೆ, ಜೋರಾಗಿ ಸದ್ದು ಮಾಡುತ್ತವೆ. ಗೆರೆ ಮಾತ್ರ ಇಲ್ಲ. ಆ ಎತ್ತರದ ಗಾಳಿ ಬೆಚ್ಚಗಿರುವುದೇ ಕಾರಣ. ಗೆರೆ ಎಳೆಯುವವು ಇಲ್ಲಿ ಇಳಿಯದ, ದೂರದ ಊರುಗಳ ವಿಮಾನಗಳು. ಭೂಪಟದಲ್ಲಿ ಮುಂಬಯಿಯಿಂದ ತಿರುವನಂತಪುರಕ್ಕೆ ನೇರವಾದ ಗೆರೆಯೊಂದನ್ನು ಎಳೆದು ನೋಡಿದರೆ ಅದು ನಮ್ಮ ಜಿಲ್ಲೆಯ ಮೂಡಣ ಅಂಚನ್ನು ಸವರಿಕೊಂಡು ಹೋಗುತ್ತದೆ. ದುಬಾಯಿಯಿಂದ ಕೊಲಂಬೋಗೆ ಎಳೆದ ಗೆರೆಯೂ ಮಲಬಾರಿನ ಕರಾವಳಿಯನ್ನೇ ಹಾಯುತ್ತದೆ.

ಇನ್ನು ಗೆರೆಯ ಆಯುಷ್ಯದ ಮಾತು. ಆಟಿ ತಿಂಗಳಲ್ಲಿ ಹರವಿದ ಬಟ್ಟೆ ಮೂರು ದಿನವಾದರೂ ಒಣಗದು. ಅದೇ ಬಟ್ಟೆ ಕುಂಭ ಮಾಸದ ಬಿಸಿಲಿಗೆ ಗಂಟೆಯೊಳಗೆ ಗರಿಗರಿಯಾಗುತ್ತದೆ. ಮೇಲಿನ ಗಾಳಿ ಒಣಗಿದ್ದರೆ ಮಂಜಿನ ಹರಳುಗಳು ಹುಟ್ಟಿದಷ್ಟೇ ಬೇಗ ಆವಿಯಾಗಿ ಹೋಗುತ್ತವೆ, ಗೆರೆ ಗಿಡ್ಡವಾಗಿರುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿದ್ದರೆ ಹರಳುಗಳು ಕರಗುವ ಬದಲು ಸುತ್ತಣ ಆವಿಯನ್ನೂ ಹೀರಿ ಬೆಳೆಯುತ್ತವೆ. ಆಗ ಗೆರೆ ಗಂಟೆಗಟ್ಟಲೆ ಉಳಿದು, ಗಾಳಿಯಲ್ಲಿ ಹರಡಿ, ಸಹಜವಾದ ಎಳೆಮೋಡದಿಂದ ಗುರುತಿಸಲಾರದಂತೆ ಆಗುತ್ತದೆ. ಅಂದಮೇಲೆ ಗಿಡ್ಡ ಗೆರೆ ‘ಶುದ್ಧ’, ಉದ್ದ ಗೆರೆ ‘ವಿಷ’ ಎಂಬ ಪ್ರಚಾರಕ್ಕೆ ಆಧಾರವಿಲ್ಲ. ಒಂದೇ ವಿಮಾನ ಒಣಗಾಳಿಯಿಂದ ತೇವದ ಗಾಳಿಗೆ ಪ್ರವೇಶಿಸುವಾಗ ಅದರ ಗೆರೆ ನಡುವೆ ತುಂಡಾಗಿ ಮತ್ತೆ ಆರಂಭವಾಗುವುದೂ ಉಂಟು.

ಸದ್ದು ತಡವಾಗಿ ಬರುವುದಕ್ಕೂ ಎತ್ತರವೇ ಕಾರಣ. 11 ಕಿಲೋಮೀಟರ್ ಎತ್ತರದಿಂದ ಶಬ್ದ ನಮ್ಮ ಕಿವಿಗೆ ತಲಪಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ವಿಮಾನ ಏಳೆಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಹಿಂದಿನಿಂದ ಬಂದಂತೆ ಅನಿಸುವುದು ಹೀಗೆ.

ಕಣ್ಣನ್ನು ಮೋಸಗೊಳಿಸುವ ಗೆರೆಗಳು

ಕೆಲವೊಮ್ಮೆ ನಿಜಕ್ಕೂ ವಿಚಿತ್ರವಾದ ಗೆರೆಗಳು ಕಾಣುತ್ತವೆ. ಕುಂಬಳೆಯ ಅಥವಾ ಬೇಕಲದ ಕಡಲ ದಂಡೆಯಲ್ಲಿ ಸಂಜೆ ನಿಂತವರಿಗೆ ನೀರಿನಿಂದ ನೇರವಾಗಿ ಮೇಲಕ್ಕೇಳುವ ಕೆಂಪು ಬೆಂಕಿಯ ಬಾಲವೊಂದು ಕಾಣಿಸಬಹುದು. ಪಡುವಣ ದಿಕ್ಕಿನಿಂದ ನಮ್ಮ ಕಡೆಗೆ ಬರುವ ವಿಮಾನದ ಗೆರೆ ದಿಗಂತದಿಂದ ಮೇಲೆ ಏರಿದಂತೆ ತೋರುತ್ತದೆ. ಮುಳುಗುವ ಸೂರ್ಯನ ಬೆಳಕು ಅದಕ್ಕೆ ಕೆಂಬಣ್ಣ ಬಳಿಯುತ್ತದೆ. 2010ರ ನವೆಂಬರ್ 8ರಂದು ಅಮೆರಿಕದ ಲಾಸ್ ಏಂಜಲೀಸಿನ ಕಡಲಾಚೆ ಇಂತಹದೇ ಗೆರೆಯೊಂದು ಟೆಲಿವಿಷನಿನಲ್ಲಿ ಬಿತ್ತರಗೊಂಡು, ಯಾರೋ ಕ್ಷಿಪಣಿ ಹಾರಿಸಿದರೆಂದು ದೇಶವೆಲ್ಲ ಗುಲ್ಲೆದ್ದಿತು. ಅದು ವಿಮಾನದ ಗೆರೆಯೇ ಇರಬೇಕೆಂದು ಅಲ್ಲಿನ ರಕ್ಷಣಾ ಇಲಾಖೆ ಮುಂದೆ ತಿಳಿಸಿತು.

ಬಿಳಿಗೆರೆಯ ಪಕ್ಕದಲ್ಲೇ ಕಪ್ಪು ಗೆರೆ ಕಂಡರೆ ಅದು ಕೆಳಗಿನ ತೆಳುಮೋಡದ ಮೇಲೆ ಬಿದ್ದ ನೆರಳು. ತೆಳುಮೋಡದ ನಡುವೆ ಕತ್ತಿಯಿಂದ ಸೀಳಿದಂತಹ ನೀಲಿಪಟ್ಟಿ ಕಂಡರೆ ಅಲ್ಲಿ ವಿಮಾನ ಮೋಡವನ್ನೇ ಹಾಯ್ದು ಹೋಗಿದೆ ಎಂದು ತಿಳಿಯಬೇಕು. ಗೆರೆ ಮಣಿಸರದಂತೆ ಉಂಗುರ ಉಂಗುರವಾಗಿ ಒಡೆಯುವುದೂ ಇದೆ. ರೆಕ್ಕೆಗಳ ತುದಿಯಲ್ಲಿ ಹುಟ್ಟುವ ಎರಡು ಗಾಳಿಸುಳಿಗಳು ಒಂದನ್ನೊಂದು ಎಳೆದು ಕೂಡಿಕೊಳ್ಳುವುದೇ ಇದಕ್ಕೆ ಕಾರಣವೆಂದು 1970ರಲ್ಲಿ ಕ್ರೋ ಎಂಬ ವಿಜ್ಞಾನಿ ವಿವರಿಸಿದರು.

ಅತಿ ಹೆಚ್ಚು ಸಂಶಯ ಹುಟ್ಟಿಸುವುದು ಚೌಕ ಚೌಕವಾಗಿ ಬಲೆ ಹೆಣೆದಂತಹ ಗೆರೆಗಳು. ವಿಮಾನಗಳಿಗೆ ಆಕಾಶದಲ್ಲಿ ನಿಗದಿಯಾದ ದಾರಿಗಳಿವೆ. ಒಂದು ದಾರಿಯಲ್ಲಿ ಹೋದ ವಿಮಾನದ ಗೆರೆಯನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಅದೇ ದಾರಿಯಲ್ಲಿ ಬಂದ ಇನ್ನೊಂದು ವಿಮಾನ ಮತ್ತೊಂದು ಗೆರೆ ಎಳೆಯುತ್ತದೆ. ಅಡ್ಡದಾರಿಯ ವಿಮಾನಗಳೂ ಸೇರಿದರೆ ಬಲೆ ಸಿದ್ಧವಾಯಿತು.

ಮಳೆಗಾಲದಲ್ಲಿ ಇಳಿಯುವ ವಿಮಾನದ ರೆಕ್ಕೆಯ ಮೇಲೆ ಬಿಳಿಯ ಮಂಜು ಹಾರಿ ಮರೆಯಾಗುವುದೂ ಉಂಟು. ರೆಕ್ಕೆಯ ಮೇಲ್ಬದಿಯಲ್ಲಿ ಗಾಳಿಯ ಒತ್ತಡ ಇಳಿದು ಅಲ್ಲಿನ ತೇವ ಕ್ಷಣಕಾಲ ಹನಿಗಟ್ಟುವುದರಿಂದ ಹೀಗಾಗುತ್ತದೆ. ಇದಕ್ಕೂ ಎಂಜಿನಿಗೂ ಸಂಬಂಧವಿಲ್ಲ.

ಬೇಕೆಂದೇ ಬಿಟ್ಟದ್ದು ಇಲ್ಲವೇ?

ಇದೆ. ಆಕಾಶದಲ್ಲಿ ಉದ್ದೇಶಪೂರ್ವಕವಾಗಿ ವಸ್ತುಗಳನ್ನು ಬಿಟ್ಟ ನಿದರ್ಶನಗಳು ನಮ್ಮ ಸುತ್ತಲೇ ಇವೆ. 1963ರ ನವೆಂಬರ್ 21ರ ಸಂಜೆ ತಿರುವನಂತಪುರದ ಬಳಿಯ ತುಂಬಾದಿಂದ ಭಾರತದ ನೆಲದ ಮೊದಲ ರಾಕೆಟ್ಟು ಹಾರಿತು. ಅದು ಬಹಳ ಎತ್ತರದಲ್ಲಿ ಸೋಡಿಯಂ ಆವಿಯನ್ನು ಬಿಟ್ಟಾಗ ಕಿತ್ತಳೆ ಬಣ್ಣದ ಮೋಡವೊಂದು ಹೊಳೆಯಿತು. ಕೇರಳದಲ್ಲೂ ತಮಿಳುನಾಡಿನಲ್ಲೂ ಅನೇಕರು ಅದನ್ನು ಕಂಡರು. ಮೇಲಿನ ಗಾಳಿಯ ಚಲನೆಯನ್ನು ಅಳೆಯುವುದು ಅದರ ಉದ್ದೇಶ. ಕರ್ನಾಟಕ ಸರಕಾರ 2017ರ ಆಗಸ್ಟಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’ ಎಂಬ ಮೋಡಬಿತ್ತನೆಯ ಕೆಲಸ ನಡೆಸಿತು. ಅಂತಹ ವಿಮಾನಗಳು ಮಳೆಮೋಡದ ಹತ್ತಿರವೇ ಹಾರಬೇಕು. ಮೋಡವಿಲ್ಲದ ನೀಲಿ ಬಾನಿನಲ್ಲಿ ಗೆರೆ ಎಳೆದು ಬಿತ್ತನೆ ಮಾಡುವಂತಿಲ್ಲ. ಈ ಎರಡೂ ಕೆಲಸಗಳು ಬಹಿರಂಗವಾಗಿ ನಡೆದವು, ಪತ್ರಿಕೆಗಳಲ್ಲಿ ಸುದ್ದಿಯಾದವು.

ಈಗ ಆ ಎತ್ತರದ ಗೆರೆಯಿಂದ ನಮ್ಮ ಮೇಲೆ ಮದ್ದು ಬಿಡಬಹುದೇ ಎಂಬುದನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಕೂದಲೆಳೆಯ ದಪ್ಪದ, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಹನಿಯೊಂದು ಗಾಳಿಯಲ್ಲಿ ಬೀಳುವ ವೇಗ ಸೆಕೆಂಡಿಗೆ ಕಾಲು ಮೀಟರಿಗಿಂತ ತುಸು ಹೆಚ್ಚು. 11 ಕಿಲೋಮೀಟರಿನಿಂದ ನೆಲಕ್ಕೆ ಬರಲು ಅದಕ್ಕೆ 11 ಗಂಟೆಗಳಾದರೂ ಬೇಕು. ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರಿನ ಗಾಳಿ ಬೀಸುತ್ತಿದ್ದರೆ ಅದು 500 ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ದಾರಿಯಲ್ಲೇ ಆರಿಹೋಗದಿದ್ದರೆ, ಎಂಬ ಮಾತನ್ನೂ ಸೇರಿಸಿಕೊಳ್ಳಬೇಕು. ಹನಿ ಇದರ ಹತ್ತನೆಯ ಒಂದು ಪಾಲಿನಷ್ಟು ಸಣ್ಣದಾದರೆ ಇಳಿಯಲು ವಾರಗಳೇ ಹಿಡಿಯುತ್ತವೆ. ಬದಿಯಡ್ಕದ ಮೇಲೆ ಬಿಟ್ಟದ್ದು ಬದಿಯಡ್ಕದಲ್ಲಿ ಬೀಳದು. ಎಲ್ಲಿ ಬೀಳುವುದೆಂದು ಬಿಟ್ಟವನಿಗೂ ಹೇಳಲಾಗದು. ತೋಟಕ್ಕೆ ಬೋರ್ಡೋ ದ್ರಾವಣ ಬಿಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಳಿ ಎದ್ದ ದಿನ ಅಡಿಕೆ ಮರದ ಎತ್ತರದಲ್ಲೇ ಮದ್ದು ಗೊನೆಗೆ ತಾಗದೆ ಪಕ್ಕದ ತೋಟಕ್ಕೆ ಹಾರುವುದನ್ನು ಅವರು ಬಲ್ಲರು.

ಗೆರೆ ಅಷ್ಟು ದಪ್ಪ ಕಾಣಲು ಎಷ್ಟು ವಸ್ತು ಬೇಕು ಎಂಬುದನ್ನೂ ನೋಡಬಹುದು. ನೂರೈವತ್ತು, ನೂರೆಂಬತ್ತು ಜನರನ್ನು ಒಯ್ಯುವ ವಿಮಾನ ಒಂದು ಕಿಲೋಮೀಟರ್ ದಾರಿಗೆ ಸುಮಾರು ಮೂರು ಕಿಲೋ ಇಂಧನ ಉರಿಸುತ್ತದೆ. ಅದರಿಂದ ಹುಟ್ಟುವ ನೀರು ನಾಲ್ಕು ತಂಬಿಗೆಯಷ್ಟು. ಆಮೇಲೆ ಗೆರೆ ದಪ್ಪವಾಗಿ ಬೆಳೆಯುವುದು ಅಲ್ಲಿನ ಗಾಳಿಯಲ್ಲಿ ಮೊದಲೇ ಇದ್ದ ನೀರಿನಿಂದ.

2016ರಲ್ಲಿ ಅಮೆರಿಕದ ಸಂಶೋಧಕರು ವಾಯುಮಂಡಲದ ರಸಾಯನವನ್ನೂ ನೆಲದ ಮೇಲೆ ಬೀಳುವ ಧೂಳನ್ನೂ ಅಧ್ಯಯನ ಮಾಡುವ 77 ವಿಜ್ಞಾನಿಗಳ ಮುಂದೆ ಈ ಗುಟ್ಟಿನ ಸಿಂಪಡಣೆಯ ಪ್ರಶ್ನೆಯನ್ನೂ, ಅದಕ್ಕೆ ಸಾಕ್ಷ್ಯವೆಂದು ತೋರಿಸಲಾಗುವ ಚಿತ್ರಗಳನ್ನೂ ಇಟ್ಟರು. ಅವರಲ್ಲಿ 76 ಮಂದಿ ತಮಗೆ ಅಂತಹ ಕುರುಹೇನೂ ದೊರೆತಿಲ್ಲವೆಂದು ಹೇಳಿದರು.

ನಮ್ಮ ಜಿಲ್ಲೆಯಲ್ಲಿ ನಡೆದದ್ದರೊಡನೆ ಇದನ್ನು ಹೋಲಿಸಿ ನೋಡಬೇಕು. ಎಂಡೋಸಲ್ಫಾನ್ ಬಂದದ್ದು ಗಿಡಗಳ ತಲೆಯ ಮೇಲೆ, ತೀರ ತಗ್ಗಿನಲ್ಲಿ ಹಾರಿದ ಹೆಲಿಕಾಪ್ಟರಿನಿಂದ. ಅದರ ಸದ್ದು ಕೇಳುತ್ತಿತ್ತು, ವಾಸನೆ ಮೂಗಿಗೆ ಬಡಿಯುತ್ತಿತ್ತು. ಆಕಾಶದಲ್ಲಿ ಅದು ಯಾವ ಗೆರೆಯನ್ನೂ ಬಿಟ್ಟು ಹೋಗಲಿಲ್ಲ. ಅದರ ಗುರುತು ಉಳಿದದ್ದು ನೀರಿನಲ್ಲಿ, ಮಣ್ಣಿನಲ್ಲಿ, ಮಕ್ಕಳ ಮೈಯಲ್ಲಿ.

ಹಾಗಾದರೆ ತೊಂದರೆಯೇ ಇಲ್ಲವೇ?

ಮುಗಿಲಗೆರೆ ವಿಷವಲ್ಲವೆಂದ ಮಾತ್ರಕ್ಕೆ ಅದು ಪೂರ್ತಿ ನಿರುಪದ್ರವಿ ಎಂದೂ ಹೇಳುವಂತಿಲ್ಲ. ಅದರ ತೊಂದರೆ ಬೇರೆ ಬಗೆಯದು.

ಎತ್ತರದ ತೆಳುಮೋಡ ಒಂದು ಕಂಬಳಿಯಂತೆ. ಹಗಲು ಅದು ಸೂರ್ಯನ ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳುಹಿಸುತ್ತದೆ. ಅದೇ ವೇಳೆಗೆ ನೆಲದಿಂದ ಮೇಲೇಳುವ ಶಾಖವನ್ನು ತಡೆಯುತ್ತದೆ. ರಾತ್ರಿ ಬೆಳಕಿನ ಮಾತೇ ಇಲ್ಲ, ಶಾಖವನ್ನು ತಡೆಯುವ ಕೆಲಸ ಮಾತ್ರ ನಡೆಯುತ್ತದೆ. ಒಟ್ಟು ಲೆಕ್ಕದಲ್ಲಿ ಈ ಗೆರೆಗಳು ಭೂಮಿಯನ್ನು ಬಿಸಿ ಮಾಡುವ ಕಡೆಗೇ ತೂಗುತ್ತವೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಂತೆ ಮನುಷ್ಯನಿಂದಾಗುವ ಭೂತಾಪದ ಏರಿಕೆಯಲ್ಲಿ ವಿಮಾನಗಳ ಪಾಲು ಶೇಕಡಾ ಮೂರೂವರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗೆರೆಗಳಿಂದಲೂ ಅವುಗಳಿಂದ ಹುಟ್ಟುವ ಮೋಡಗಳಿಂದಲೂ ಆಗುವಂತಹದು. ಈ ಅಂದಾಜಿನಲ್ಲಿ ಏರುಪೇರಿಗೆ ಬಹಳ ಅವಕಾಶವಿದೆಯೆಂದು ಅಧ್ಯಯನ ನಡೆಸಿದವರೇ ಎಚ್ಚರಿಸಿದ್ದಾರೆ.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದಲ್ಲಿ ಮೂರು ದಿನ ಪ್ರಯಾಣಿಕ ವಿಮಾನಗಳು ಹಾರಲಿಲ್ಲ. ಆ ದಿನಗಳಲ್ಲಿ ಹಗಲಿನ ಬಿಸಿಗೂ ಇರುಳಿನ ತಂಪಿಗೂ ನಡುವಿನ ಅಂತರ ಒಂದು ಡಿಗ್ರಿಗಿಂತ ತುಸು ಹೆಚ್ಚಿತೆಂದೂ, ಗೆರೆಗಳು ಇಲ್ಲದ್ದೇ ಕಾರಣವೆಂದೂ 2002ರಲ್ಲಿ ಸಂಶೋಧಕರು ಬರೆದರು. ಅದು ಮೋಡವಿಲ್ಲದ ಶುಭ್ರ ಹವೆಯ ಪರಿಣಾಮವಿದ್ದೀತೆಂದು ಬೇರೆಯವರು ಅನಂತರ ಆಕ್ಷೇಪಿಸಿದರು. ವಿಜ್ಞಾನ ಮುಂದೆ ಹೋಗುವುದು ಇಂತಹ ತರ್ಕದಿಂದಲೇ.

ಇಂಗಾಲದ ಡೈ ಆಕ್ಸೈಡ್ ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಮುಗಿಲಗೆರೆಯ ಆಯುಷ್ಯ ಕೆಲವು ಗಂಟೆ. ಆದುದರಿಂದ ಗೆರೆಯನ್ನು ತಪ್ಪಿಸಿದರೆ ಅದರ ಲಾಭ ಕೂಡಲೇ ಸಿಗುತ್ತದೆ. ಎಲ್ಲಿ ಗಾಳಿ ತೇವವಾಗಿದೆಯೆಂದು ಮುಂಚಿತವಾಗಿ ತಿಳಿದು ವಿಮಾನವನ್ನು ಸ್ವಲ್ಪ ಮೇಲೋ ಕೆಳಗೋ ಒಯ್ದರೆ ಸಾಕು. ಅಮೆರಿಕದ ವಿಮಾನ ಕಂಪೆನಿಯೊಂದು 2023ರಲ್ಲಿ ಗೂಗಲ್ ಸಂಸ್ಥೆಯ ನೆರವಿನಿಂದ 70 ಹಾರಾಟಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿತು; ಗೆರೆಗಳು ಶೇಕಡಾ 54ರಷ್ಟು ಕಡಿಮೆಯಾದುವೆಂದು ತಿಳಿದುಬಂತು. ಅದಕ್ಕಾಗಿ ತುಸು ಹೆಚ್ಚು ಇಂಧನ ಖರ್ಚಾಯಿತೆಂಬುದೂ ನಿಜ.

ನೋಡಬೇಕಾದದ್ದು ಎಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ ಓದುಗರ ಮುಂದೆ ಎರಡು ಮಾತುಗಳನ್ನು ಇಡಬಯಸುತ್ತೇವೆ.

ಮೊದಲನೆಯದು ತಗ್ಗಿನ ಆಕಾಶದ ವಿಷಯ. ಹತ್ತು ಕಿಲೋಮೀಟರ್ ಮೇಲಿನ ಗೆರೆಯನ್ನು ನೋಡುತ್ತ ಕುಳಿತು, ಮರದ ಎತ್ತರದಲ್ಲಿ ನಡೆಯುವುದನ್ನು ಮರೆಯಬಾರದು. ಈಗ ಕೃಷಿಯಲ್ಲಿ ಡ್ರೋನ್ ಎಂಬ ಚಾಲಕನಿಲ್ಲದ ಪುಟ್ಟ ವಿಮಾನದಿಂದ ಔಷಧಿ ಸಿಂಪಡಿಸುವ ಕ್ರಮ ಬಂದಿದೆ. ಕೂಲಿಯಾಳುಗಳ ಅಭಾವದ ಈ ಕಾಲದಲ್ಲಿ ಅದರಿಂದ ಉಪಕಾರವಿದೆ, ಬೇಡವೆನ್ನುವಂತಿಲ್ಲ. ಆದರೆ ನಮ್ಮ ಊರಿನ ತೋಟಕ್ಕೆ ಹಾಗೆ ಮದ್ದು ಬಿಡುವಾಗ ಯಾವ ಮದ್ದು, ಯಾವ ದಿನ, ಪಕ್ಕದ ಬಾವಿ ಸುರಂಗಗಳಿಗೆ ಏನು ರಕ್ಷಣೆ, ಜೇನುಪೆಟ್ಟಿಗೆ ಇಟ್ಟವರಿಗೆ ತಿಳಿಸಿದ್ದುಂಟೇ ಎಂದು ಕೇಳುವ ಹಕ್ಕು ನೆರೆಯವರಿಗೆ ಇದೆ. ಆ ತಿಳಿವಳಿಕೆಯ ಪತ್ರ ಕನ್ನಡದಲ್ಲೂ ಇರಬೇಕೆಂದು ಪಂಚಾಯತನ್ನು ಕೇಳುವುದೂ ನ್ಯಾಯವೇ. ಓದಲು ಬಾರದ ಭಾಷೆಯ ಎಚ್ಚರಿಕೆ ಎಚ್ಚರಿಕೆಯಾಗದು.

ಎರಡನೆಯದು ನಮ್ಮ ಶಾಲೆಗಳ ವಿಷಯ. ಮುಗಿಲಗೆರೆಯನ್ನು ಗಮನಿಸುವುದಕ್ಕೆ ದುರ್ಬೀನು ಬೇಡ, ಹಣದ ಖರ್ಚೂ ಇಲ್ಲ. ಕನ್ನಡ ಮಾಧ್ಯಮದ ಏಳನೆಯ, ಎಂಟನೆಯ ತರಗತಿಯ ಮಕ್ಕಳು ಒಂದು ಪುಸ್ತಕದಲ್ಲಿ ತಾರೀಕು, ಗಂಟೆ, ವಿಮಾನ ಹೋದ ದಿಕ್ಕು, ಗೆರೆ ಇತ್ತೇ ಇಲ್ಲವೇ, ಎಷ್ಟು ನಿಮಿಷ ಉಳಿಯಿತು, ಮರುದಿನ ಮೋಡವಾಯಿತೇ ಎಂದು ವೃಶ್ಚಿಕದಿಂದ ಮೀನ ಮಾಸದ ತನಕ ಬರೆದಿಟ್ಟರೆ ಸಾಕು. ಮೇಲಿನ ಗಾಳಿ ಎಂದು ಒಣಗಿತ್ತು, ಎಂದು ತೇವವಾಗಿತ್ತು ಎಂಬುದು ಆ ಪುಟಗಳಿಂದಲೇ ತಿಳಿದುಬರುತ್ತದೆ. ಉಷ್ಣತೆ, ಆರ್ದ್ರತೆ, ಘನೀಕರಣ ಎಂದು ಪಾಠಪುಸ್ತಕದಲ್ಲಿ ಬಾಯಿಪಾಠ ಮಾಡುವ ಮಾತುಗಳಿಗೆ ಅಂಗಳದಲ್ಲೇ ಅರ್ಥ ಸಿಗುತ್ತದೆ. ಮಾಸ್ತರರು, ಟೀಚರುಗಳು ಮನಸ್ಸು ಮಾಡಬೇಕು.

ವಾಣೀನಗರದ ವೈದ್ಯರು ಮಾಡಿದ್ದೂ ಮೂಲತಃ ಇಂತಹ ಕೆಲಸವನ್ನೇ. ಯಾವ ಮನೆ, ಯಾವ ಕಾಯಿಲೆ, ಯಾವ ತೋಡಿನ ಬದಿ ಎಂದು ಬರೆದಿಟ್ಟ ಲೆಕ್ಕವನ್ನು ಯಾವ ಇಲಾಖೆಯೂ ಕೊನೆಯ ತನಕ ತಳ್ಳಿಹಾಕಲಾರದೆ ಹೋಯಿತು. ಮುಂದೆ ಯಾರಾದರೂ ಗೆರೆಯ ಚಿತ್ರವನ್ನು ಕಳುಹಿಸಿ ‘ನೋಡಿ, ಮದ್ದು ಬಿಡುತ್ತಿದ್ದಾರೆ’ ಎಂದರೆ ಅವರನ್ನು ಗೇಲಿ ಮಾಡದೆ ಮೂರೇ ಪ್ರಶ್ನೆಗಳನ್ನು ಕೇಳಿ: ಎಷ್ಟು ಗಂಟೆಗೆ ಕಂಡಿರಿ, ಎಷ್ಟು ಹೊತ್ತು ಉಳಿಯಿತು, ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದನ್ನು ಇಬ್ಬರೂ ಸೇರಿ ಲೆಕ್ಕ ಹಾಕಬಹುದು.